ಹಾಜರಿಯಲ್ಲಿ ಚಿನ್ನುವಿನ ಹೆಸರು

ಗಂಡಸಿ
ಭಾನುವಾರ

ಪ್ರೀತಿಯ ತಂಗಿಗೆ,

ಮೊದಲು ಇದೊಂದು ಮಾತು ಓದಿಬಿಡು: ಚಿನ್ನುವಿನ ಟಿ.ಸಿ. ತೆಗೆದುಕೊಳ್ಳಬೇಡ. ಹೆಡ್‌ಮಾಸ್ಟರು ಎಷ್ಟೇ ಒಳ್ಳೆಯ ಮಾತಿನಲ್ಲಿ ಹೇಳಲಿ, ನಿಮ್ಮತ್ತೆ "ಹೋಗ್ಲಿ ಬಿಡವ್ವ, ಮಗೀಗೆ ಯಾಕೆ ಹಿಂಸೆ" ಅನ್ನಲಿ, ನಿಮ್ಮೆಜಮಾನ್ರು ಮಾತಾಡದೆ ಕೂರಲಿ, ಆ ಕಾಗದಕ್ಕೆ ಮಾತ್ರ ಸಹಿ ಹಾಕಬೇಡ. ಮೊನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ, ನನಗೂ ಗಂಟಲು ಕಟ್ಟಿತು, ಹೇಳಬೇಕಾದ್ದು ಯಾವುದೂ ನೆಟ್ಟಗೆ ಬಾಯಿಗೆ ಬರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಬೇಕಾದ ಕಡೆ ಗೆರೆ ಎಳೆದುಕೊ. ನಿಮ್ಮೆಜಮಾನ್ರಿಗೂ ಓದಿ ಹೇಳು.

ಚಿನ್ನುಗೆ ಒಂದು ದಿನ ನಡೆಯಲು ಆಗುವುದಿಲ್ಲ ಅನ್ನುವುದು ನಮಗೆ ಗೊತ್ತಿತ್ತು ಕಣೇ. ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯು ಸವೆಯುವ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನವೇ, ಹನ್ನೆರಡು ತುಂಬುವುದರೊಳಗೆ ಕಾಲು ಸೋಲಬಹುದು ಎಂದೂ ಹೇಳಿದ್ದರು. ಗೊತ್ತಿದ್ದರೂ ಆ ದಿನ ಬಂದಾಗ ಎದೆ ಒಡೆದೇ ಒಡೆಯುತ್ತದೆ. ಅದನ್ನು ಸಮಾಧಾನ ಮಾಡುವ ಮಾತು ನನ್ನ ಹತ್ತಿರ ಇಲ್ಲ. ಆದರೆ ಕಾಲಿನ ಸಂಗತಿ ಬೇರೆ, ಶಾಲೆಯ ಸಂಗತಿ ಬೇರೆ. ಎರಡನ್ನೂ ಒಟ್ಟಿಗೆ ಕಟ್ಟಿ ಆರನೇ ಕ್ಲಾಸಿನ ಹುಡುಗನ ಓದನ್ನು ಮುಗಿಸಿಬಿಡುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳಾಗಿ ಇದನ್ನು ಬರೆಯುತ್ತಿದ್ದೇನೆ, ಅಕ್ಕನಾಗಿ ಮಾತ್ರ ಅಲ್ಲ.

ಹೆಡ್‌ಮಾಸ್ಟರು ನಿನಗೆ ಹೇಳಿದ್ದು ಎರಡು ಮಾತು. ಒಂದು, "ಮನೇಲೇ ಇರಲಿ, ಪಾಠದ ವಿಡಿಯೋ ವಾಟ್ಸ್‌ಆ್ಯಪ್‌ಗೆ ಹಾಕ್ತೀವಿ." ಇನ್ನೊಂದು, "ಟಿ.ಸಿ. ತಗೊಂಡ್ರೆ ನಿಮಗೂ ಅನುಕೂಲ, ಮುಂದೆ ಮುಕ್ತ ಶಾಲೇಲಿ ಪರೀಕ್ಷೆ ಕಟ್ಟಿಸಬಹುದು." ಎರಡೂ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಎರಡರಲ್ಲೂ ಚಿನ್ನು ಶಾಲೆಯಿಂದ ಹೊರಗೆ ಹೋಗುತ್ತಾನೆ. ಟಿ.ಸಿ. ತಗೊಂಡರೆ ಕಾಗದದ ಮೇಲೆ ಹೋಗುತ್ತಾನೆ, ವಿಡಿಯೋಗೆ ಒಪ್ಪಿದರೆ ಯಾರಿಗೂ ಗೊತ್ತಾಗದ ಹಾಗೆ ಹೋಗುತ್ತಾನೆ. ಹಾಗೆ ಗೊತ್ತಾಗದೆ ಹೋಗುವುದೇ ನನಗೆ ಹೆಚ್ಚು ಭಯ.

ಕಾನೂನು ಏನು ಹೇಳುತ್ತದೆ, ತಿಳಿದುಕೊ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಅದಕ್ಕೆ 2012ರಲ್ಲಿ ತಿದ್ದುಪಡಿ ತಂದು, ಬಹುವಿಧ ಅಂಗವೈಕಲ್ಯ ಮತ್ತು ತೀವ್ರ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟರು. ನಮ್ಮ ಇಲಾಖೆಯಲ್ಲಿ ಗೃಹಾಧಾರಿತ ಶಿಕ್ಷಣ ಅನ್ನುತ್ತೇವೆ. ಆರಿಸಿಕೊಳ್ಳುವ ಹಕ್ಕು ಮಗುವಿನದು, ಕಳಿಸಿಬಿಡುವ ಹಕ್ಕು ಶಾಲೆಗೆ ಇಲ್ಲ. ಮನೆಯಲ್ಲಿ ಕಲಿಯುವ ಮಗುವಿನ ಹೆಸರೂ ಶಾಲೆಯ ದಾಖಲೆಯಲ್ಲೇ ಇರುತ್ತದೆ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲವೂ ಅದಕ್ಕೆ ಸಲ್ಲಬೇಕು. ಆಮೇಲೆ 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಚಿನ್ನುವಿನ ಕಾಯಿಲೆಯ ಹೆಸರೂ ಇದೆ. ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯದ ಮಕ್ಕಳಿಗೆ 18 ವರ್ಷದ ತನಕ ಉಚಿತ ಶಿಕ್ಷಣ ಎಂದು ಆ ಕಾಯ್ದೆ ಹೇಳುತ್ತದೆ. ಹಾಸನದಲ್ಲಿ ಮಾಡಿಸಿದ ಸರ್ಟಿಫಿಕೇಟಿನಲ್ಲಿ ಚಿನ್ನುಗೆ ಶೇ 80 ದಾಟಿಸಿ ಬರೆದಿದ್ದಾರೆ. ಅದು ನಿನ್ನ ಬೀರುವಿನಲ್ಲಿ ಮಡಚಿ ಇಟ್ಟುಕೊಂಡು ಅಳುವ ಕಾಗದ ಅಲ್ಲ. ತೆಗೆದು ಜೆರಾಕ್ಸ್ ಮಾಡಿಸು.

ಹಾಗೆಂದು ಮನೆಯಲ್ಲೇ ಇದ್ದುಬಿಡಲಿ ಅನ್ನುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಗಾಲಿ ಕುರ್ಚಿ ಬಂದು, ಶಾಲೆಯಲ್ಲಿ ಇಳಿಜಾರು ಆದ ಮೇಲೆ, ಮೈ ಹಗುರಾಗಿರುವ ದಿನ ಅವನು ಹೋಗಿಬರಲಿ. ವಾರಕ್ಕೆ ಒಂದು ದಿನವಾದರೂ ಸರಿ, ಶನಿವಾರದ ಬೆಳಗಿನ ಶಾಲೆಗಾದರೂ ಸರಿ. ಹೇಗೆ ಬರೆದು ಕೇಳಬೇಕು ಅಂತ ನಾನು ಹೇಳಿಕೊಡುತ್ತೇನೆ, ರ‍್ಯಾಂಪ್ ಕೇಳುವುದನ್ನು ಬಿಡಬೇಡ. ಈಗಂತೂ ಮಳೆ, ಥಂಡಿ, ಎದೆಗೆ ಕಫ ಕಟ್ಟಿದರೆ ಕಷ್ಟ, ಮನೆಯಿಂದ ಶಾಲೆಗೆ ಆ ಕೆಟ್ಟ ರಸ್ತೆ ಬೇರೆ. ಹಾಗಾಗಿ ಹೆಚ್ಚಿನ ದಿನ ಮನೆಯಲ್ಲೇ ಆಗುತ್ತದೆ. ಆ ದಿನಗಳು ಹೇಗಿರಬೇಕು ಅನ್ನುವುದೇ ಪ್ರಶ್ನೆ.

ಅದರ ಬಗ್ಗೆ ನನಗೆ ಗೊತ್ತಿರುವುದೆಲ್ಲ 2020ರಲ್ಲಿ ಕಲಿತದ್ದು. ಆ ವರ್ಷ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಊರಿನ ಎಲ್ಲ ಮಕ್ಕಳೂ ಒಮ್ಮೆಲೇ ಚಿನ್ನುವಿನ ಸ್ಥಿತಿಗೆ ಬಂದರು. ಅವರಿಗೆ ಶಾಲೆ ಇತ್ತು, ಆದರೆ ಅವರು ಹೋಗುವಂತಿರಲಿಲ್ಲ. ನಮಗೆಲ್ಲ ಫೋನೊಂದೇ ದಾರಿ ಅನ್ನಿಸಿತು. ಗ್ರೂಪ್ ಮಾಡಿದೆವು, ಪಾಠ ಕಳಿಸಿದೆವು. ದೂರದರ್ಶನದ ಚಂದನದಲ್ಲಿ ಟಿ.ವಿ. ಪಾಠ ಶುರುವಾಯಿತು, ಸಂವೇದ ಅಂತ ಹೆಸರು. ಒಳ್ಳೆಯ ಮೇಷ್ಟ್ರುಗಳು ಕಷ್ಟಪಟ್ಟು ಮಾಡಿದ ಪಾಠಗಳು, ನಾನೂ ಕೂತು ನೋಡಿ ಕಲಿತಿದ್ದೇನೆ. ಅದಕ್ಕೂ ಮೊದಲು ಪುಟ್ಟ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಆದೇಶ ಮಾಡಿದ್ದು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟದ್ದು ನಿನಗೂ ನೆನಪಿರಬಹುದು. ಬೆಂಗಳೂರಿನಲ್ಲಿ ಬೇಕು–ಬೇಡದ ವಾದ ನಡೆಯುತ್ತಿದ್ದಾಗ ನಮ್ಮ ಹೋಬಳಿಯಲ್ಲಿ ಇದ್ದ ತೊಂದರೆಯೇ ಬೇರೆ. ಮನೆಗೆ ಒಂದು ಫೋನು. ಅದು ಅಪ್ಪನ ಜೇಬಿನಲ್ಲಿ. ಅಪ್ಪ ಹೊಲದಲ್ಲಿ, ಇಲ್ಲ ಕಾಯಿ ಲೋಡಿನ ಜೊತೆ ತಿಪಟೂರಿನಲ್ಲಿ. ರಾತ್ರಿ ಎಂಟಕ್ಕೆ ಅವನು ಮನೆಗೆ ಬಂದ ಮೇಲೆ ಮಗುವಿನ ಕೈಗೆ ಪಾಠ ಸಿಗುವುದು, ಆ ಹೊತ್ತಿಗೆ ಮಗು ತೂಕಡಿಸುತ್ತಿರುವುದು. ಟಿ.ವಿ. ಪಾಠದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು.

ಆದರೆ ಕರೆಂಟು, ನೆಟ್‌ವರ್ಕು ಎರಡೂ ಸರಿಯಿದ್ದ ಮನೆಗಳಲ್ಲೂ ಮಕ್ಕಳು ಹಿಂದೆ ಬಿದ್ದರು. ಇದನ್ನು ಗಮನಿಸು. ಅರಸೀಕೆರೆ ಪೇಟೆಯಲ್ಲಿ ಒಳ್ಳೆಯ ಫೋನು ಇಟ್ಟುಕೊಂಡಿದ್ದ ಮನೆಯ ಮಕ್ಕಳೂ ನವೆಂಬರಿನ ಹೊತ್ತಿಗೆ ಮೂರಂಕಿಯ ಕಳೆಯುವ ಲೆಕ್ಕಕ್ಕೆ ಕೈ ನಿಲ್ಲಿಸುತ್ತಿದ್ದರು. ಯಾಕೆ ಅಂದರೆ ಪಾಠ ಹೋಗುತ್ತಿತ್ತು, ಮಗುವಿನಿಂದ ಏನೂ ವಾಪಸ್ ಬರುತ್ತಿರಲಿಲ್ಲ. ಅರ್ಥವಾಗದ ಮಗು ಎದ್ದು ನಿಲ್ಲುವ ಜಾಗ ಅಲ್ಲಿ ಇರಲಿಲ್ಲ. ಪಾಠ ಮಾಡುವಾಗ ನಾನು ಬೋರ್ಡಿಗಿಂತ ಹೆಚ್ಚು ನೋಡುವುದು ಮಕ್ಕಳ ಮುಖವನ್ನು. ಹುಬ್ಬು ಗಂಟಾದರೆ ಇನ್ನೊಂದು ಸಲ ಹೇಳುತ್ತೇನೆ. ಫೋನಿಗೆ ಹುಬ್ಬು ಕಾಣುವುದಿಲ್ಲ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ನಮ್ಮ ರಾಜ್ಯವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಶೇ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಶೇ 82. ಹೊಸದು ಕಲಿಯದೇ ಹೋದದ್ದು ಹಾಗಿರಲಿ, ಕಲಿತದ್ದೂ ಕೈಬಿಟ್ಟು ಹೋಗಿತ್ತು. ಚಿನ್ನುಗೆ "ವಿಡಿಯೋ ಹಾಕ್ತೀವಿ" ಅಂದಾಗ ನನ್ನ ಕಣ್ಣಿಗೆ ಬಂದದ್ದು ಈ ಸಂಖ್ಯೆಗಳು.

ದೂರದಿಂದ ಪಾಠ ಕಳಿಸಿದ್ದು ನಮ್ಮಲ್ಲಿ ಇದು ಮೊದಲ ಸಲವೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಒಂದನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸಿದ್ದರು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಎಜುಸ್ಯಾಟ್ ಹಾರಿಸಿ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಡಿಶ್ ಕೊಟ್ಟರು. 2010ಕ್ಕೆ ಆ ಉಪಗ್ರಹದ ಆಯುಸ್ಸು ಮುಗಿಯಿತು. ದೊಡ್ಡ ಪ್ರಯತ್ನಗಳು, ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಪ್ರತಿ ಸಲವೂ ಮೇಲಿನಿಂದ ಕೆಳಗೆ ಪಾಠ ತಲುಪಿಸುವ ಯಂತ್ರಕ್ಕೆ ಸಿಕ್ಕ ಗಮನ, ಕೆಳಗಿನಿಂದ ಮಗು ಕೇಳುವ ಪ್ರಶ್ನೆಗೆ ಸಿಗಲಿಲ್ಲ.

ಮಗುವಿನ ಮಾತೂ ವಾಪಸ್ ಬರಬೇಕು ಅನ್ನುವುದನ್ನು ಬೇರೆ ದೇಶದಲ್ಲಿ ಬೇಗ ಕಂಡುಕೊಂಡವರಿದ್ದಾರೆ. ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಒಂದು ಊರು. ಸುತ್ತ ನೂರಾರು ಮೈಲಿ ಬೆಂಗಾಡು, ದನ ಕುರಿ ಸಾಕುವ ಒಂಟಿ ಮನೆಗಳು, ಅಲ್ಲಿನ ಮಕ್ಕಳಿಗೆ ಶಾಲೆಯೇ ಇಲ್ಲ. ಕಾಯಿಲೆ ಬಿದ್ದವರಿಗೆ ವಿಮಾನದಲ್ಲಿ ಡಾಕ್ಟರನ್ನು ಕರೆಸಲು ಆ ಮನೆಗಳಲ್ಲಿ ರೇಡಿಯೋ ಇಟ್ಟಿದ್ದರು, ಎರಡೂ ಕಡೆಯಿಂದ ಮಾತಾಡಬಹುದಾದ ರೇಡಿಯೋ. ಅದರಲ್ಲೇ ಯಾಕೆ ಶಾಲೆ ನಡೆಸಬಾರದು ಎಂದು ಅಡಿಲೇಡ್ ಮೀತ್ಕಿ ಎಂಬ ಶಿಕ್ಷಕಿಗೆ ಹೊಳೆಯಿತು. 1951ರ ಜೂನ್ 8ರಂದು ಆಕಾಶದ ಶಾಲೆ ಶುರುವಾಯಿತು. ಮೊದಮೊದಲು ಟೀಚರು ಮಾತ್ರ ಮಾತಾಡುತ್ತಿದ್ದರು, ಮಕ್ಕಳು ಕೇಳುತ್ತಿದ್ದರು. ಸ್ವಲ್ಪ ದಿನಕ್ಕೇ ಪಾಠದ ಕೊನೆಗೆ ಪ್ರಶ್ನೋತ್ತರ ಸೇರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಮಾತಾಡತೊಡಗಿದರು, ಇನ್ನೂರು ಮೈಲಿ ದೂರದ ಇನ್ನೊಂದು ಮಗು ಅದನ್ನು ಕೇಳಿಸಿಕೊಂಡಿತು. ನನಗೆ ಶಾಲೆ ಅಲ್ಲಿಂದ ಶುರುವಾದಂತೆ ಕಾಣುತ್ತದೆ.

ನಮ್ಮಲ್ಲೂ ಹಾಗೆ ಒಂದು ದಾರಿ ತೆರೆದಿತ್ತು, ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳ ಹತ್ತಿರ ಹೋಗಲಿ ಎಂದು ಸರ್ಕಾರ ತೀರ್ಮಾನಿಸಿತು. ವಠಾರ ಶಾಲೆ ಅಂತ ಜನ ಕರೆದರು. ಫೋನೇ ಇಲ್ಲದವರು, ಕೀಪ್ಯಾಡ್ ಫೋನಿನವರು, ಇಂಟರ್‌ನೆಟ್ ಇರುವವರು ಎಂದು ಮಕ್ಕಳನ್ನು ಗುಂಪು ಮಾಡಿಕೊಂಡು, ಒಬ್ಬೊಬ್ಬ ಶಿಕ್ಷಕರಿಗೆ ಇಂತಿಷ್ಟು ಮಕ್ಕಳು ಎಂದು ಹಂಚಿಕೊಂಡೆವು. ಜಗಲಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ, ಹೊಂಗೆ ಮರದಡಿ ಪಾಠ. ನಮ್ಮ ಕಡೆ ಎಲ್ಲಿ ನೋಡಿದರೂ ತೆಂಗಿನ ನೆರಳೇ, ಆದರೆ ಅದರಡಿ ಮಕ್ಕಳನ್ನು ಕೂರಿಸುವ ಹಾಗಿಲ್ಲ, ಗರಿಯೋ ಕಾಯೋ ಯಾವಾಗ ಬೀಳುತ್ತದೋ. ಹೊಂಗೆ, ಬೇವು ಹುಡುಕಿಕೊಂಡು ಚಾಪೆ ಹಾಸುತ್ತಿದ್ದೆವು.

ಆ ಎರಡು ತಿಂಗಳು ನಾನು ಮಕ್ಕಳ ಮನೆಗಳನ್ನು ಕಂಡೆ. ಯಾವ ಮನೆಯಲ್ಲಿ ಓದಲು ಮೂಲೆ ಇದೆ, ಯಾವ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಆರು ಜನ ಮಲಗುತ್ತಾರೆ, ಯಾರ ಅಜ್ಜಿ ಮಗ್ಗಿ ಹೇಳಿಸುತ್ತಾಳೆ, ಎಲ್ಲ ಗೊತ್ತಾಯಿತು. ಆಮೇಲೆ ಅಕ್ಟೋಬರ್‌ನಲ್ಲಿ ಸೋಂಕು ಹರಡುವ ಭಯದಿಂದ ವಿದ್ಯಾಗಮ ನಿಲ್ಲಿಸಿದರು. ಶಿಕ್ಷಕರಿಗೂ ಮಕ್ಕಳಿಗೂ ಕೊರೊನಾ ಬಂದ ಸುದ್ದಿಗಳು ಇದ್ದವು, ನಿಲ್ಲಿಸಿದ್ದು ತಪ್ಪೆಂದು ಹೇಳಲಾರೆ. 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು, ಎರಡನೇ ಅಲೆ ಬಂದು ಮತ್ತೆ ಬಾಗಿಲು. ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ.

ನಡುವೆ ನಾವು ಕೆಲವರು ಒಂದು ಉಪಾಯ ಮಾಡಿದೆವು. ಹಾಲಿನ ಡೇರಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಲ್ಲ ಮನೆಯವರೂ ಕ್ಯಾನು ಹಿಡಿದು ಬರುತ್ತಾರೆ. ಊರಲ್ಲಿ ದಿನಕ್ಕೆ ಎರಡು ಸಲ ತಪ್ಪದೆ ಎಲ್ಲರೂ ಸೇರುವ ಜಾಗ ಅದೊಂದೇ. ಡೇರಿಯ ಕಿಟಕಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಮಕ್ಕಳು ಬರೆದ ನೋಟ್‌ಬುಕ್ಕು ಹಾಲಿನ ಜೊತೆ ಬರುತ್ತಿತ್ತು, ತಿದ್ದಿದ ಪುಸ್ತಕ ಸಂಜೆ ಖಾಲಿ ಕ್ಯಾನಿನ ಜೊತೆ ಹೋಗುತ್ತಿತ್ತು. ನಾನು ಪ್ರತಿ ಪುಸ್ತಕದಲ್ಲೂ ಸರಿ–ತಪ್ಪು ಹಾಕಿ ಬಿಡುತ್ತಿರಲಿಲ್ಲ, ಒಂದು ಪ್ರಶ್ನೆ ಬರೆಯುತ್ತಿದ್ದೆ. "ನಿಮ್ಮ ಕೆಂದ ಹಸು ಕರು ಹಾಕಿತಾ? ಎಷ್ಟು ಲೀಟರ್ ಕೊಡುತ್ತೆ? ವಾರಕ್ಕೆ ಎಷ್ಟಾಯಿತು, ಲೆಕ್ಕ ಮಾಡು." ಆ ಪ್ರಶ್ನೆಗೆ ಉತ್ತರ ಬರೆಯಲೆಂದೇ ಮಕ್ಕಳು ಮರುದಿನ ಪುಸ್ತಕ ಕಳಿಸುತ್ತಿದ್ದರು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ತಿಂಗಳು ಮಾತಾಡದ ಹುಡುಗಿ ಆ ಪುಸ್ತಕದಲ್ಲಿ ಎರಡು ಪುಟ ಬರೆದಳು. ಆ ದಿನದಿಂದ ನಾನು ಖಚಿತವಾಗಿ ನಂಬಿರುವುದು ಇಷ್ಟೇ: ದೂರ ಇರುವ ಮಗುವಿಗೆ ಯಾರೋ ಒಬ್ಬರು ದಿನವೂ ಏನನ್ನಾದರೂ ಕೇಳಬೇಕು, ಮಗು ಕೊಟ್ಟ ಉತ್ತರವನ್ನು ಯಾರೋ ಕಾಯುತ್ತಿರಬೇಕು. ಅದು ಇದ್ದರೆ ಕೀಪ್ಯಾಡ್ ಫೋನಿನಲ್ಲೂ ಶಾಲೆ ನಡೆಯುತ್ತದೆ. ಇಲ್ಲದಿದ್ದರೆ ಎಂಥ ಟ್ಯಾಬ್ ಕೊಡಿಸಿದರೂ ನಡೆಯುವುದಿಲ್ಲ.

ಇನ್ನೊಂದು ಭಯ ಹೇಳಿದೆಯಲ್ಲ, "ಕ್ಲಾಸು ಮುಂದೆ ಹೋಗ್ತಾ ಇರುತ್ತೆ, ಇವನು ಜ್ವರ ಬಂದು ಹದಿನೈದು ದಿನ ಮಲಗಿದ್ರೆ ಹೇಗೆ ಹಿಡಿಯೋದು?" ಅಂತ. ಇದಕ್ಕೆ ನಮ್ಮ ರಾಜ್ಯದ ಶಿಕ್ಷಕರೇ ಉತ್ತರ ಕಂಡುಕೊಂಡಿದ್ದಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು ನಲಿ–ಕಲಿ ಶುರುಮಾಡಿದರು. ಕಾಡಂಚಿನ ಊರು, ಬಡವರ ಮಕ್ಕಳು, ಸುಗ್ಗಿಗೆ, ಕೂಲಿಗೆ, ಎಳೆ ಕೂಸು ನೋಡಿಕೊಳ್ಳಲಿಕ್ಕೆ ಎಂದು ವಾರಗಟ್ಟಲೆ ಶಾಲೆ ತಪ್ಪಿಸುವವರು. ಇಡೀ ತರಗತಿಗೆ ಒಂದೇ ಪಾಠ ಮಾಡಿದರೆ ತಪ್ಪಿಸಿದ ಮಗುವಿನ ಪಾಠ ತಪ್ಪಿದ್ದು ತಪ್ಪಿದ್ದೇ. ಅವರು ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು, ಕಾರ್ಡು ಮಾಡಿ, ಗೋಡೆಗೆ ಕಲಿಕಾ ಏಣಿ ತೂಗುಹಾಕಿದರು. ಮಗು ಯಾವ ದಿನ ಬಂದರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ಬರದೇ ಹೋದ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಟ್ಟಿದ ಕ್ರಮ ಅದು, ನನಗೆ ಅದರ ಮೇಲೆ ಬಹಳ ಗೌರವ. ನಲಿ–ಕಲಿ ಮೂರನೇ ಕ್ಲಾಸಿಗೇ ಮುಗಿಯುತ್ತದೆ, ಆದರೆ ಆರನೇ ಕ್ಲಾಸಿಗೂ ಅದೇ ದಾರಿ ಹಿಡಿಯಲು ಅಡ್ಡಿಯೇನು? ಕೊರೊನಾ ಆದಮೇಲೆ 2022ರಲ್ಲಿ ಶಾಲೆಯನ್ನು ಎರಡು ವಾರ ಮುಂಚೆಯೇ, ಮೇ 16ಕ್ಕೆ ತೆರೆದು, ಕಲಿಕಾ ಚೇತರಿಕೆ ಎಂದು ಒಂದು ವರ್ಷ ನಡೆಸಿದೆವು. ಆಗಿನ ಕಲಿಕಾ ಹಾಳೆಗಳು ನನ್ನ ಹತ್ತಿರ ಇವೆ. ಗಣಿತದ್ದು, ಕನ್ನಡದ್ದು ಜೋಡಿಸುತ್ತಿದ್ದೇನೆ. ಚಿನ್ನುವಿನ ಮಂಚದ ಪಕ್ಕದ ಗೋಡೆಗೆ ಅವನದೇ ಏಣಿ ಇರಲಿ. ಮಲಗಿದಲ್ಲೇ ಕಾಣಬೇಕು, ಯಾವ ಮೆಟ್ಟಿಲಲ್ಲಿ ಇದ್ದೇನೆ ಎಂದು ಅವನಿಗೇ ಗೊತ್ತಾಗಬೇಕು.

ಈಗ ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಹಾಜರಿ ಕೂಗುವಾಗ ಕ್ಲಾಸ್ ಟೀಚರು ಫೋನ್ ಹಚ್ಚಲಿ. ಅವನ ಹೆಸರು ಕೂಗಲಿ, ಅವನು ಉತ್ತರ ಕೊಡಲಿ. ಎರಡು ನಿಮಿಷದ ಕೆಲಸ. ಇದನ್ನು ಉಪಕಾರ ಅಂತ ಕೇಳಬೇಡ, ಹಾಜರಿ ಅವನ ಹಕ್ಕು. ನಾರ್ವೆಯಲ್ಲಿ ಕಾಯಿಲೆಯಿಂದ ಬಹುಕಾಲ ಶಾಲೆಗೆ ಹೋಗಲಾಗದ ಮಕ್ಕಳಿಗೆ ಅಂತ ಬಿಳಿಯ ಪುಟ್ಟ ರೋಬೊ ಮಾಡಿದ್ದಾರೆ. ಅದನ್ನು ಕ್ಲಾಸಿನಲ್ಲಿ ಮಗುವಿನ ಡೆಸ್ಕಿನ ಮೇಲೆ ಇಡುತ್ತಾರೆ, ಮಗು ಹಾಸಿಗೆಯಿಂದಲೇ ಅದರ ಕಣ್ಣಲ್ಲಿ ಕ್ಲಾಸನ್ನು ನೋಡುತ್ತದೆ, ಕೈ ಎತ್ತಬೇಕಾದರೆ ರೋಬೊ ತಲೆಯ ಮೇಲೆ ದೀಪ ಉರಿಯುತ್ತದೆ. ನಮಗೆ ರೋಬೊ ಬೇಡ. ಹಳೆಯ ಫೋನೊಂದು ನನ್ನ ಹತ್ತಿರ ಇದೆ, ಅದನ್ನು ಅವನು ಕೂರುತ್ತಿದ್ದ ಜಾಗದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿದರೆ ಆಯಿತು. ಅವನ ಜಾಗ ಅವನಿಗೇ ಇರಲಿ, ಬೇರೆಯವರನ್ನು ಕೂರಿಸಬೇಡಿ ಅಂತ ಮಾತ್ರ ಕೇಳಿಕೊ.

ದಿನಕ್ಕೆ ಒಂದೇ ಪೀರಿಯಡ್ ನೇರವಾಗಿ ಸಾಕು. ಹೆಚ್ಚು ಹೊತ್ತು ಕೂತರೆ ಅವನ ಬೆನ್ನಿಗೆ ಆಗುವುದಿಲ್ಲ. ಉಳಿದದ್ದು ಅವನ ಮೈ ಕೇಳಿದ ಹಾಗೆ. ಸಂವೇದ ಪಾಠಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲೂ ಪಾಠ ಸಿಗುತ್ತದೆ. ಚಂದನದಲ್ಲಿ ಬರುವಾಗ ನಿಲ್ಲಿಸಲು ಆಗುತ್ತಿರಲಿಲ್ಲ, ಈಗ ಆಗುತ್ತದೆ. ಐದು ನಿಮಿಷ ನೋಡಿ ನಿಲ್ಲಿಸು, "ಏನು ಹೇಳಿದ್ರು?" ಅಂತ ಕೇಳು. ಕೈ ಸೋತಾಗ ಬರೆಯಲು ಒತ್ತಾಯ ಮಾಡಬೇಡ. ಉತ್ತರ ಬಾಯಲ್ಲಿ ಹೇಳಲಿ, ವಾಯ್ಸ್ ಮೆಸೇಜ್ ಕಳಿಸಲಿ. ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರವಾಗಿ ಮೂಡುತ್ತದೆ, ಅದನ್ನು ಅವನಿಗೆ ನಾನು ಕಲಿಸುತ್ತೇನೆ. ಮುಂದೆ ಎಸ್ಸೆಸ್ಸೆಲ್ಸಿಗೆ ಅವನ ಪರವಾಗಿ ಬರೆಯುವವರನ್ನೂ ಹೆಚ್ಚಿನ ಸಮಯವನ್ನೂ ಪರೀಕ್ಷಾ ಮಂಡಳಿ ಕೊಡುತ್ತದೆ. ಬಾಯಲ್ಲಿ ಅಚ್ಚುಕಟ್ಟಾಗಿ ಉತ್ತರ ಹೇಳುವ ಅಭ್ಯಾಸ ಈಗಿನಿಂದಲೇ ಬೇಕು.

ಬೇಲೂರಿನ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅಂತ ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ, ಅವರು ವಾರವಾರವೂ ಬರುತ್ತಾರೆ ಎಂದು ನೆಚ್ಚಿಕೊಂಡರೆ ಆಗುವುದಿಲ್ಲ. ಆದರೆ ಕಲಿಕೆಯ ಯೋಜನೆ ಬರೆದುಕೊಡುವುದು, ಗಾಲಿ ಕುರ್ಚಿಗೆ, ಸಲಕರಣೆ ಕೊಡುವ ಅಲಿಮ್ಕೋ ಶಿಬಿರದಲ್ಲಿ ಹೆಸರು ಸೇರಿಸುವುದು ಅವರಿಂದ ಆಗಬೇಕಾದ ಕೆಲಸ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಇಂಥ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಎಂದು ಇಟ್ಟಿರುತ್ತಾರೆ. ಕೈಗೆ ಬರುವ ದುಡ್ಡಲ್ಲ, ಸಲಕರಣೆ, ಕಲಿಕಾ ಸಾಮಗ್ರಿ, ಥೆರಪಿ ಇಂಥದ್ದಕ್ಕೆ. ಕಡಿಮೆಯೇ. ಕೇಳದಿದ್ದರೆ ಅದೂ ಇಲ್ಲ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಆಸೆ ಇರುವುದು ಬೇರೆ ಒಂದರ ಮೇಲೆ. ಚಿನ್ನು ಕಾಲಿದ್ದಾಗ ನಿಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಲ್ಲೇ ಬೆಳೆದ. ಪ್ರವಾಸಿಗರ ಹಿಂದೆ ಹೋಗಿ ಗೈಡುಗಳ ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಮೇಲೆ ಬಳ್ಳಿ, ಕುದುರೆ ಸವಾರರು, ಆಮೇಲೆ ರಾಮಾಯಣ ಮಹಾಭಾರತದ ಕತೆ, ಮಕರ, ಹಂಸ, ಕ್ರಮ ತಪ್ಪದೆ ಹೇಳುತ್ತಾನೆ. ನನ್ನ ಆರನೇ ಕ್ಲಾಸಿನ ಮಕ್ಕಳಲ್ಲಿ ಮುಕ್ಕಾಲು ಪಾಲು ಹಳೇಬೀಡು ನೋಡಿಲ್ಲ. ಡಿಸೆಂಬರಿಗೆ ಪ್ರವಾಸ ಕರೆತರುವ ಯೋಚನೆ ಇದೆ. ಅಷ್ಟರೊಳಗೆ ಶನಿವಾರ ಶನಿವಾರ ಚಿನ್ನು ಫೋನಿನಲ್ಲಿ ನನ್ನ ಕ್ಲಾಸಿಗೆ ದೇವಸ್ಥಾನದ ಪಾಠ ಮಾಡಲಿ. 1121ರ ಸುಮಾರಿಗೆ ವಿಷ್ಣುವರ್ಧನನ ಕಾಲದಲ್ಲಿ ಕಟ್ಟಲು ತೊಡಗಿದ್ದು, ಬಳಪದ ಕಲ್ಲು ಕೆತ್ತುವಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಎಲ್ಲ ಅವನೇ ಹೇಳಲಿ. ನನ್ನ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಗೊತ್ತಿಲ್ಲದ್ದನ್ನು ಅವನು ಹುಡುಕಿ ಮುಂದಿನ ವಾರ ಹೇಳಲಿ. ಮಲಗಿದ ಮಗುವಿಗೆ ಎಲ್ಲರೂ ಕೊಡುವವರೇ ಆಗಿಬಿಡುತ್ತಾರೆ ಕಣೇ. ಔಷಧಿ ಕೊಡುತ್ತಾರೆ, ಪಾಠ ಕೊಡುತ್ತಾರೆ, ಮರುಕ ಕೊಡುತ್ತಾರೆ. ಅವನಿಂದ ಏನಾದರೂ ಪಡೆಯುವವರು ಬೇಕು. ನನ್ನ ಮಕ್ಕಳಿಗೆ ಅವನು ನಿಜಕ್ಕೂ ಬೇಕು, ಸುಮ್ಮನೆ ಅವನನ್ನು ಖುಷಿಪಡಿಸಲು ಹೇಳುತ್ತಿಲ್ಲ.

ಇನ್ನು ನೀನು ಅಳುತ್ತಾ ಕೇಳಿದ ಮಾತು. "ಎಷ್ಟು ದಿನವೋ ಏನೋ ಅನ್ನೋ ಮಗೀಗೆ ಭಿನ್ನರಾಶಿ ಯಾಕಕ್ಕಾ?" ಎಂದೆ. ಆ ಮಾತು ಆಡಲು ನಿನಗೆ ಎಷ್ಟು ನೋವಾಗಿರಬೇಕು ಎಂದು ನೆನೆಸಿಕೊಂಡು ನಿದ್ದೆ ಬರಲಿಲ್ಲ. ಡಾಕ್ಟರನ್ನು ಮತ್ತೊಮ್ಮೆ ಕೇಳು. ಉಸಿರಾಟದ ಆರೈಕೆ ಈಗ ಹಿಂದಿನ ಹಾಗಿಲ್ಲ, ಈ ಕಾಯಿಲೆ ಇಟ್ಟುಕೊಂಡು ಮೂವತ್ತು ದಾಟಿ ಬದುಕಿರುವವರು, ಡಿಗ್ರಿ ಮಾಡಿ ಕೆಲಸ ಮಾಡುತ್ತಿರುವವರು ಇದ್ದಾರೆ. ಆದರೆ ವರ್ಷ ಎಣಿಸಿ ನಿನಗೆ ಉತ್ತರ ಕೊಡಲು ನನಗೆ ಇಷ್ಟವಿಲ್ಲ. ಚಿನ್ನುಗೆ ಹನ್ನೊಂದು. ಈ ವಯಸ್ಸಿನ ಮಕ್ಕಳು ಭಿನ್ನರಾಶಿಗೆ ಬೈದುಕೊಳ್ಳುತ್ತಾರೆ, ಹೋಂವರ್ಕ್ ಕದ್ದು ನೋಡುತ್ತಾರೆ, ಮೇಷ್ಟ್ರಿಗೆ ಅಡ್ಡ ಹೆಸರು ಇಡುತ್ತಾರೆ. ಅವನ ಜೊತೆಯವರು ಸಂಜೆ ಬಂದಾಗ ಮಾತಾಡುವುದು ಅದನ್ನೇ. ಆ ಮಾತು ಅವನಿಗೆ ಅರ್ಥವಾಗದ ದಿನ ಅವರು ಬರುವುದು ನಿಲ್ಲಿಸುತ್ತಾರೆ. ಕಾಲು ಹೋದದ್ದಕ್ಕಿಂತ ಅದು ಅವನಿಗೆ ಹೆಚ್ಚು ನೋವು ಕೊಡುತ್ತದೆ. ಅವನಿಗೆ ಇವತ್ತು ಭಿನ್ನರಾಶಿ ಬೇಕು, ಅವನೇ ಕೇಳುತ್ತಿದ್ದಾನೆ. ಹೋದ ವಾರ ನನಗೆ ಫೋನ್ ಮಾಡಿ, "ದೊಡ್ಡಮ್ಮ, ಛೇದ ಬೇರೆ ಬೇರೆ ಇದ್ರೆ ಹೆಂಗೆ ಕೂಡೋದು?" ಅಂತ ಕೇಳಿದ. ನಿನಗೆ ಹೇಳಿರಲಿಕ್ಕಿಲ್ಲ. ಅಮ್ಮ ಅಳ್ತಾಳೆ ಅಂತ ಈಚೆಗೆ ನಿನ್ನ ಮುಂದೆ ಪುಸ್ತಕ ತೆಗೆಯುವುದನ್ನೇ ಬಿಟ್ಟಿದ್ದಾನೆ.

ನೀನೊಬ್ಬಳೇ ಅವನಿಗೆ ಅಮ್ಮ, ನರ್ಸು, ಟೀಚರು ಎಲ್ಲ ಆಗಬೇಡ. ಆಗುವುದಿಲ್ಲ, ಸೋತುಹೋಗುತ್ತೀಯ. ಪಾಠದ ಹೊತ್ತಿನಲ್ಲಿ ನೀನು ರೂಮಿನಿಂದ ಎದ್ದು ಹೋಗು. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ದಿನಾ ಸಂಜೆ ನೋಟ್ಸು ತರಲು ಒಪ್ಪಿದ್ದಾಳೆ ಎಂದೆಯಲ್ಲ, ಅವಳನ್ನು ಒಳಗೆ ಕರೆದು ಕೂರಿಸು, ಕಾಫಿ ಕೊಡು, ಚಿನ್ನುವಿನ ಜೊತೆ ಬಿಡು. ನಿಮ್ಮತ್ತೆಗೆ ಮಗ್ಗಿ ಚೆನ್ನಾಗಿ ಬರುತ್ತದೆ, ಸಂತೆ ಲೆಕ್ಕ ಬಾಯಲ್ಲೇ ಮಾಡುತ್ತಾರೆ. ಅವರಿಗೂ ಒಂದು ಹೊತ್ತು ಕೊಡು.

ಸೋಮವಾರ ಮಾಡಬೇಕಾದ್ದು. ಅರ್ಜಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಮೂರು ಪ್ರತಿ. ಒಂದು ಹೆಡ್‌ಮಾಸ್ಟರಿಗೆ, ಒಂದು ಬೇಲೂರಿನ ಬಿಇಒ ಕಚೇರಿಗೆ, ಒಂದು ಬಿಆರ್‌ಸಿಗೆ. ಗೃಹಾಧಾರಿತ ಶಿಕ್ಷಣ ಬೇಕು, ಹೆಸರು ಶಾಲೆಯ ದಾಖಲೆಯಲ್ಲೇ ಮುಂದುವರಿಯಬೇಕು, ಆದಾಗ ಶಾಲೆಗೂ ಬರುತ್ತಾನೆ, ಇಳಿಜಾರು ಮಾಡಿಸಿಕೊಡಿ, ಇಷ್ಟು ಸ್ಪಷ್ಟವಾಗಿ ಇದೆ. ಸರ್ಟಿಫಿಕೇಟಿನ ಜೆರಾಕ್ಸ್ ಪಿನ್ ಮಾಡು. ಹೆಡ್‌ಮಾಸ್ಟರ ಹತ್ತಿರ ಜಗಳ ಬೇಡ, ಅವರಿಗೂ ಇಂಥ ಮಗು ಹೊಸದಿರಬಹುದು. ಆದರೆ ನಿನ್ನ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಬರುತ್ತೇನೆ, ಕಲಿಕಾ ಹಾಳೆ, ಹಳೆಯ ಫೋನು ತರುತ್ತೇನೆ. ಚಿನ್ನುಗೆ ಹೇಳು, ಮೂರನೇ ಎರಡು ಮತ್ತು ನಾಲ್ಕನೇ ಒಂದು ಕೂಡಿ ಇಟ್ಟಿರಲಿ, ಬಂದು ನೋಡುತ್ತೇನೆ.

ನಿನ್ನ
ಅಕ್ಕ